ಮೂರು ಸಲ ಬಾರಿಸಿದ ಗಂಟೆ

ನಮ್ಮ ಮನೆ ಮಾತಾಡುತ್ತಿತ್ತು. ಇದನ್ನು ಅಲಂಕಾರಕ್ಕೆ ಹೇಳುತ್ತಿಲ್ಲ. ಲಾಸ್ ಏಂಜಲೀಸಿನ ಹತ್ತಿರ, ಸ್ಯಾಂಟಾ ಕ್ಲಾರಿಟಾದ ಆ ಎರಡಂತಸ್ತಿನ ಮನೆಯನ್ನು ಕೊಂಡಾಗಲೇ ಅದರಲ್ಲೊಂದು ಕಳ್ಳರ ಅಲಾರಂ ಇತ್ತು. ಯಾವ ಬಾಗಿಲು ತೆಗೆದರೂ ಮಹಡಿಯ ಗೋಡೆಯಿಂದ ಒಬ್ಬಳು ಹೆಂಗಸು “ಫ್ರಂಟ್ ಡೋರ್ ಓಪನ್” ಎಂದು ಊರಿಗೆಲ್ಲ ಕೇಳುವಂತೆ ಸಾರುತ್ತಿದ್ದಳು. ಹಿತ್ತಲಿನದಾದರೆ “ಬ್ಯಾಕ್ ಡೋರ್ ಓಪನ್”. ಲಾಂಗ್ ಬೀಚ್ ಬಂದರಿನ ದೊಡ್ಡ ದೊಡ್ಡ ಕ್ರೇನುಗಳನ್ನು ರಿಪೇರಿ ಮಾಡಿಸುವ ಇಂಜಿನಿಯರಿಗೆ ಮನೆಯ ಅಲಾರಮ್ಮಿನ ಬಾಯಿ ಮುಚ್ಚಿಸಲು ಬರುವುದಿಲ್ಲ ಎಂದು ಅಮ್ಮ ಬಂದವರೆದುರೆಲ್ಲ ಅಪ್ಪನನ್ನು ಆಡಿಕೊಳ್ಳುತ್ತಿದ್ದಳು. ಅಪ್ಪ ಪ್ರತಿ ಸಲವೂ “ಈ ವಾರ ನೋಡ್ತೇನೆ” ಅನ್ನುತ್ತಿದ್ದರು. ಅಜ್ಜಿ ಮಾತ್ರ ಆ ಹೆಂಗಸಿನ ಪರ.

“ಇರ್ಲಿ ಬಿಡು ಮಾರಾಯ. ಮನೆಗೆ ಯಾರು ಬಂದ್ರು, ಯಾರು ಹೋದ್ರು ಅಂತ ನಂಗೆ ಹೇಳ್ಲಿಕ್ಕೆ ಒಬ್ಳಾದ್ರೂ ಉಂಟಲ್ಲ. ನಿಮಗೆ ಯಾರಿಗೂ ಪುರುಸೊತ್ತಿಲ್ಲ.”

ನಾನು ಬೆಂಗಳೂರಿನ ಶಾಲೆಯಲ್ಲಿ ನಾಲ್ಕನೇ ಕ್ಲಾಸು ಮುಗಿಸಿ ಈ ಮನೆಗೆ ಬಂದವಳು. ಮರುವರ್ಷ ಉಡುಪಿ ಕಡೆಯಿಂದ ಅಜ್ಜಿ, ಅಂದರೆ ಅಪ್ಪನ ಅಮ್ಮ, ಎರಡು ಪೆಟ್ಟಿಗೆ ಹಪ್ಪಳ ಸಂಡಿಗೆಯೊಂದಿಗೆ ಬಂದಿಳಿದಳು. ನನ್ನ ಕನ್ನಡ ಉಳಿದದ್ದು ಅವಳಿಂದ. ಶಾಲೆಯಿಂದ ಬಂದ ಕೂಡಲೇ ಅವಳ ಮಂಚದ ಮೇಲೆ ಕೂತು ಕಂಪ್ಯೂಟರಿನಲ್ಲಿ ಕನ್ನಡ ಪೇಪರು ಓದಿ ಹೇಳಬೇಕಿತ್ತು, ಅದೂ ಮೊದಲು ಸಾವಿನ ಸುದ್ದಿ. ನಾನು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ ಅವಳಿಗೆ ಕಿವಿ ಕೇಳಿಸುತ್ತಲೇ ಇರಲಿಲ್ಲ. ಅವಳ ಕೋಣೆ ಕೆಳಗೆ, ಮುಂಬಾಗಿಲಿನ ಹತ್ತಿರ. ಅದರ ಪಕ್ಕ ಸಣ್ಣ ನಡುಮನೆ, ಆಚೆ ಬಾತ್‌ರೂಮು. ಅಡುಗೆಮನೆಗೆ ಅಂಟಿಕೊಂಡ ಸಾಮಾನಿನ ಕೋಣೆಯೇ ನಮ್ಮ ದೇವರ ಕೋಣೆ: ಕೆಳಗಿನ ಹಲಗೆಯಲ್ಲಿ ಅಕ್ಕಿ ಚೀಲ, ಮೇಲಿನ ಹಲಗೆಯಲ್ಲಿ ದೇವರು. ಅಜ್ಜಿಯ ಎಡಗಾಲು ಒಂದು ಸಣ್ಣ ಸ್ಟ್ರೋಕಿನ ನಂತರ ಸೋತುಹೋದಾಗ, ಅವಳು ಕರೆದರೆ ಯಾರಿಗೂ ಕೇಳಿಸದಾಯಿತು. ಮಿಕ್ಸಿ, ಡಿಶ್‌ವಾಷರು, ಅಪ್ಪನ ಮೀಟಿಂಗು, ನನ್ನ ಕಿವಿಯ ಹೆಡ್‌ಫೋನು. ಅಪ್ಪ ಒತ್ತಿದರೆ ಹಾಡುವ ಒಂದು ಬಟನ್ ತಂದುಕೊಟ್ಟರು. ಅದರ ಹಾಡು ಐಸ್‌ಕ್ರೀಮ್ ಗಾಡಿಯದರಂತೆ ಉಂಟು ಎಂದು ಅಜ್ಜಿ ಅದನ್ನು ದಿಂಬಿನಡಿ ಹೂತಿಟ್ಟಳು. ಅವಳಿಗೆ ಬೇಕಾದದ್ದು ದೇವರ ಕೋಣೆಯ ಹಿತ್ತಾಳೆ ಗಂಟೆ. ಆ ಗಂಟೆಗಾಗಿ ನಮ್ಮ ಮನೆಯಲ್ಲಿ ನಡೆದ ಜಗಳ ಆಸ್ತಿಗಾಗಿಯೂ ನಡೆಯಲಿಕ್ಕಿಲ್ಲ.

“ಅತ್ತೆ, ಬಾತ್‌ರೂಮಿಗೆ ಹೋಗೋಕೆ ಯಾರಾದ್ರೂ ದೇವರ ಗಂಟೆ ಬಾರಿಸ್ತಾರಾ?”

“ಈ ವಯಸ್ಸಲ್ಲಿ ನಂಗೆ ಬಾತ್‌ರೂಮೇ ದೇವಸ್ಥಾನ. ಅಷ್ಟು ದೂರ ಹೋಗಿ ಮುಟ್ಟಿದ್ರೆ ಪುಣ್ಯ. ಕೊಡು ಇತ್ಲಾಗಿ.”

ಮೂರು ದಿನ ಅತ್ತೆ ಸೊಸೆ ಮಾತಾಡಲಿಲ್ಲ. “ನಿಮ್ಮಜ್ಜಿಗೆ ಹೇಳು, ಕಾಫಿ ಆರ್ತಾ ಇದೆ”, “ನಿನ್ನಮ್ಮನಿಗೆ ಹೇಳು, ಸಕ್ಕರೆ ಹಾಕಿಲ್ಲ” ಎಂದು ನಡುವೆ ಓಡಾಡಿದವಳು ನಾನು. ನಾಲ್ಕನೆಯ ದಿನ ಅಮ್ಮ ಗಂಟೆಯನ್ನು ತಂದು ಅಜ್ಜಿಯ ಮಂಚದ ಪಕ್ಕ ಠಪ್ ಎಂದು ಇಟ್ಟಳು. ಒಪ್ಪಂದ ಹೀಗಾಯಿತು: ಸಂಜೆ ಅಮ್ಮ ದೀಪ ಹಚ್ಚಿ ಮಂಗಳಾರತಿ ಎತ್ತಿದಾಗ ಅಜ್ಜಿ ತನ್ನ ಮಂಚದಿಂದಲೇ ಎಡೆಬಿಡದೆ ಗಂಟೆ ಬಾರಿಸಬೇಕು. ಮಿಕ್ಕ ಹೊತ್ತಿನಲ್ಲಿ ನಮ್ಮನ್ನು ಕರೆಯಬೇಕಾದರೆ ಬಿಟ್ಟು ಬಿಟ್ಟು ಮೂರು ಸಲ. ಹಾಗಾಗಿ ದೇವರ ಗಂಟೆ ಯಾವುದು, ಅಜ್ಜಿಯ ಗಂಟೆ ಯಾವುದು ಎಂಬುದರಲ್ಲಿ ನಮ್ಮ ಮನೆಯಲ್ಲಿ ಯಾರಿಗೂ ಗೊಂದಲವಿರಲಿಲ್ಲ. ನನಗಂತೂ ಇರಲೇ ಇಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ.

ಕಾಲೇಜು ಮುಗಿಸಿ ನಾನು ಮೆಡಿಕಲ್ ಸ್ಕೂಲುಗಳಿಗೆ ಅಪ್ಲೈ ಮಾಡಿದೆ. ಮೊದಲ ವರ್ಷ ಎಲ್ಲ ಕಡೆಯಿಂದಲೂ ‘ವಿಷಾದಿಸುತ್ತೇವೆ’ ಎಂಬ ಇಮೇಲು ಬಂತು. ಅಜ್ಜಿಗೆ ರಿಗ್ರೆಟ್ ಎಂಬ ಶಬ್ದ ಬಾಯಿಪಾಠವಾಯಿತು. ಬೆಳಿಗ್ಗೆ ಹಲ್ಲುಜ್ಜುವ ಮೊದಲೇ “ಇವತ್ತು ರಿಗ್ರೆಟ್ ಬಂತಾ ಮಗಾ?” ಎಂದು ಹಾಲು ಬಂತಾ ಎಂದು ಕೇಳುವ ಹಾಗೆ ಕೇಳುತ್ತಿದ್ದಳು. ಪರಿಚಯದ ಆಂಟಿಯರ ಮಕ್ಕಳಿಗೆಲ್ಲ ಸೀಟು ಸಿಕ್ಕಿತ್ತು, ಅವರು ಫೋನು ಮಾಡಿದರೆ ಅಮ್ಮ ಹಿತ್ತಲಿಗೆ ಹೋಗಿ ಮಾತಾಡುತ್ತಿದ್ದಳು. ಎರಡನೆಯ ವರ್ಷ ಸಾಂಕ್ರಾಮಿಕ ಬಂದು ಎಲ್ಲರೂ ಮನೆಯೊಳಗೆ ಸೇರಿಕೊಂಡಾಗ ಮತ್ತೆ ಅರ್ಜಿ ಹಾಕಿದೆ. ಈ ಸಲ ಅರ್ಜಿಯ ಜೊತೆ ಕೊಡಬೇಕಾದ ಪ್ರಬಂಧವನ್ನು ಅಜ್ಜಿಯ ಮೇಲೆ ಬರೆದೆ: ಅವಳಿಗೆ ಇನ್ಸುಲಿನ್ ಕೊಡುವುದು, ಕಾಲಿಗೆ ಎಣ್ಣೆ ತಿಕ್ಕುವುದು, ಅವಳು ಕರೆದಾಗ ಎದ್ದು ಹೋಗುವುದೇ ನಾನು ಕಲಿತ ಮೊದಲ ವೈದ್ಯಪಾಠ ಎಂಬುದು. ಅದನ್ನು ಕನ್ನಡ ಮಾಡಿ ಅವಳಿಗೆ ಓದಿ ಹೇಳಿದೆ. ಅವಳು ಕಣ್ಣು ಮುಚ್ಚಿ ಕೇಳಿದಳು.

“ಚಂದ ಉಂಟು. ಆದ್ರೆ ಕರೆದ ಕೂಡ್ಲೇ ಬರ್ತೇನೆ ಅಂತ ಬರ್ದಿದ್ದೀಯಲ್ಲ, ಅದು ಸುಳ್ಳು. ಎರಡನೇ ಸಲ ಬಾರಿಸಿದ ಮೇಲೆ ಬರ್ತಿ. ಅಷ್ಟು ತಿದ್ದು.”

ಎಲ್ಲರೂ ನಕ್ಕೆವು. ನಾನು ತಿದ್ದಲಿಲ್ಲ. ಆ ವರ್ಷ ಇಡೀ ದೇಶದಿಂದ ನನಗೆ ಬಂದದ್ದು ಒಂದೇ ಒಂದು ಸಂದರ್ಶನ, ಸ್ಯಾನ್ ಡಿಯೇಗೊದಿಂದ. ಅದೂ ಕಂಪ್ಯೂಟರಿನ ಪರದೆಯ ಮೇಲೆ. ಮೂರನೆಯ ಸಲ ಅಪ್ಲೈ ಮಾಡುವ ಶಕ್ತಿ ನನ್ನಲ್ಲಿರಲಿಲ್ಲ, ಅದು ಮನೆಯವರಿಗೂ ಗೊತ್ತಿತ್ತು. ಎರಡು ವಾರ ಮನೆ ಪರೀಕ್ಷೆಯ ಕೋಣೆಯ ಹಾಗಾಯಿತು. ಅಪ್ಪ ಟೈ ಕಟ್ಟಿಕೊಂಡು ಊಟದ ಮೇಜಿನ ಆ ತುದಿಯಲ್ಲಿ ಕೂತು ನನ್ನನ್ನು ಪ್ರಶ್ನಿಸುತ್ತಿದ್ದರು, ನಾನು ಈ ತುದಿಯಲ್ಲಿ ಸಾಂಬಾರು ಕಲಸಿಕೊಳ್ಳುತ್ತ ಉತ್ತರಿಸುತ್ತಿದ್ದೆ. ಒಳ್ಳೆಯ ಪ್ರಶ್ನೆ ಬರುತ್ತಿದ್ದದ್ದು ಮಾತ್ರ ಅಜ್ಜಿಯ ಕೋಣೆಯಿಂದ: “ನಿಂಗೆ ರಕ್ತ ಕಂಡ್ರೆ ತಲೆ ತಿರುಗ್ತದಲ್ಲ, ಅದನ್ನ ಕೇಳಿದ್ರೆ ಎಂತ ಹೇಳ್ತಿ?”

ಸಂದರ್ಶನದ ದಿನ ಬೆಳಿಗ್ಗೆ ಅಮ್ಮನಿಗೆ ಆಸ್ಪತ್ರೆಯ ಫಾರ್ಮಸಿಯಲ್ಲಿ ಡ್ಯೂಟಿ. ಹೊರಡುವ ಮೊದಲು ಸೇನಾಪತಿಯ ಹಾಗೆ ಅಪ್ಪಣೆ ಕೊಟ್ಟಳು. ವೈಫೈ ನಿಧಾನವಾಗಬಾರದು, ಅದಕ್ಕೆ ಎಲ್ಲರ ಫೋನು ಆಫ್, ಅಜ್ಜಿ ಸೀರಿಯಲ್ ನೋಡುವ ಟ್ಯಾಬ್ಲೆಟ್ಟೂ ಆಫ್. ಹತ್ತರಿಂದ ಹನ್ನೊಂದರವರೆಗೆ ಯಾವ ಬಾಗಿಲೂ ತೆಗೆಯಕೂಡದು, ಆ ಗೋಡೆಯ ಹೆಂಗಸು ಕೂಗಿದರೆ ನಾನು ಕೂತಿರುವ ಮಹಡಿಯಲ್ಲೇ ಕೂಗುತ್ತಾಳೆ.

“ಹಾಗಾದ್ರೆ ನಂಗೆ ಎಂತ ಕೆಲಸ?” ಅಂದಳು ಅಜ್ಜಿ.

“ಸುಮ್ನಿರೋ ಕೆಲಸ ಅತ್ತೆ. ಒಂದೇ ಒಂದು ಗಂಟೆ.”

“ಅಷ್ಟು ದೊಡ್ಡ ಕೆಲಸ ನಂಗ್ಯಾಕೆ ಕೊಟ್ಟಿ?” ಎಂದು ನಕ್ಕು ಅಜ್ಜಿ ನನ್ನ ತಲೆ ಮುಟ್ಟಿದಳು. ಮೇಲೆ ಕೋಟು, ಕೆಳಗೆ ಪೈಜಾಮ ತೊಟ್ಟು ನಾನು ಮಹಡಿಗೆ ಹೋದೆ. ಹತ್ತಕ್ಕೆ ಐದು ನಿಮಿಷ ಇರುವಾಗ ಪಕ್ಕದ ಮನೆಯ ಮುಂದೆ ಬಿದ್ದ ಎಲೆ ಊದಿ ಗುಡಿಸುವ ಯಂತ್ರದ ಗರ್ಜನೆ ಶುರುವಾಯಿತು. ಪ್ರತಿ ಮಂಗಳವಾರ ಬರುವ ತೋಟದಾಳು ರಾಮಿರೊ. ಎರಡು ವಾರ ತಯಾರಿ ಮಾಡಿದ ನಮಗೆ ಮಂಗಳವಾರದ ನೆನಪೇ ಇರಲಿಲ್ಲ. ಅಪ್ಪ ಚಪ್ಪಲಿಯನ್ನೂ ಹಾಕದೆ ಹೊರಗೆ ಓಡಿದರು, ಹೆಂಗಸು “ಫ್ರಂಟ್ ಡೋರ್ ಓಪನ್” ಎಂದಳು, ಸ್ವಲ್ಪದರಲ್ಲೇ ಗರ್ಜನೆ ನಿಂತಿತು. ಪರದೆಯ ಮೇಲೆ ಬಿಳಿ ಕೂದಲಿನ ವೈದ್ಯೆಯೊಬ್ಬರು ಮೂಡಿ ಗುಡ್ ಮಾರ್ನಿಂಗ್ ಅಂದರು.

ಅವರು ಒಳ್ಳೆಯವರು. ಅರ್ಧ ತಾಸು ಸಲೀಸಾಗಿ ಹೋಯಿತು. ಆಮೇಲೆ ನನ್ನ ಪ್ರಬಂಧ ಓದಿ ಕಣ್ಣು ತುಂಬಿತೆಂದರು, ನಿಮ್ಮ ಅಜ್ಜಿ ಈಗ ಹೇಗಿದ್ದಾರೆ ಎಂದು ಕೇಳಿದರು. ಚೆನ್ನಾಗಿದ್ದಾರೆ, ಇದೇ ಮನೆಯಲ್ಲಿ ಕೆಳಗಿದ್ದಾರೆ ಎಂದೆ. ಅವರನ್ನು ನೋಡಿಕೊಳ್ಳುವುದರಿಂದ ಏನು ಕಲಿತೆ ಎಂದು ಕೇಳಿದರು. ನಾನು ಬಾಯಿ ತೆರೆದೆ, ಕೆಳಗಿನಿಂದ ಗಂಟೆ ಕೇಳಿಸಿತು. ಒಂದು. ಎರಡು. ಮೂರು. ನಾನು ಮಾತು ನಿಲ್ಲಿಸಲಿಲ್ಲ. ಕರೆದಾಗ ಎದ್ದು ಹೋಗುವುದು ಎಂದು ಎರಡು ವಾರ ಉರು ಹೊಡೆದ ವಾಕ್ಯ ತಾನಾಗಿಯೇ ಬರುತ್ತಿತ್ತು. ಮತ್ತೆ ಮೂರು ಸಲ ಬಾರಿಸಿತು. ಈ ಸಲ ಆ ವೈದ್ಯೆಗೂ ಕೇಳಿಸಿತು.

“ಏನೋ ಸದ್ದು. ನೀವು ಹೋಗಿ ನೋಡಬೇಕೇ? ನಾನು ಕಾಯುತ್ತೇನೆ,” ಎಂದರು ಇಂಗ್ಲಿಷಿನಲ್ಲಿ.

ಈ ಮಾತನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ಕೇಳಿಸಿಕೊಂಡಿದ್ದೇನೋ ದೇವರೇ ಬಲ್ಲ. ಅವರು ಬಾಗಿಲು ತೆಗೆದು ಹಿಡಿದಿದ್ದರು. ಅಪ್ಪ ಇದ್ದಾರೆ, ನೋಡಿಕೊಳ್ಳುತ್ತಾರೆ ಎಂದು ನನ್ನ ತಲೆ ಹೇಳಿತು. ಅಪ್ಪ ಹೊರಗೆ ಹೋದದ್ದು ಕೇಳಿಸಿತ್ತು, ಒಳಗೆ ಬಂದದ್ದು ಕೇಳಿಸಿರಲಿಲ್ಲ, ಅದೂ ತಲೆಗೆ ಗೊತ್ತಿತ್ತು. ನಾನು ನಕ್ಕೆ.

“ಬೇಡ, ಬೇಡ. ಅದು ಪ್ರಾರ್ಥನೆಯ ಗಂಟೆ. ನಮ್ಮ ಮನೆಯಲ್ಲಿ ದೇವರಿಗೆ ಬಾರಿಸುತ್ತಾರೆ.”

“ಎಷ್ಟು ಸುಂದರ,” ಎಂದರು ಅವರು.

ಹನ್ನೊಂದಕ್ಕೆ ಸಂದರ್ಶನ ಮುಗಿಸಿ ಮೆಟ್ಟಿಲಿಳಿದರೆ, ಅಜ್ಜಿ ನಡುಮನೆಯ ನೆಲದ ಮೇಲೆ ಒಂದು ಮಗ್ಗುಲಾಗಿ ಬಿದ್ದಿದ್ದಳು. ಬಾತ್‌ರೂಮಿನ ಹೊಸ್ತಿಲು ಇನ್ನೊಂದು ಮಾರು ದೂರವಿತ್ತು. ಸೀರೆ ಒದ್ದೆಯಾಗಿತ್ತು. ಗಂಟೆಯನ್ನು ಎದೆಗೆ ಒತ್ತಿ ಹಿಡಿದಿದ್ದಳು, ಅದರ ನಾಲಗೆ ಅಲುಗಾಡದಂತೆ ಒಳಗೆ ಬೆರಳು ತೂರಿಸಿದ್ದಳು. ನನ್ನನ್ನು ಕಂಡು ಕೇಳಿದ ಮೊದಲ ಮಾತು:

“ಮುಗೀತಾ ಮಗಾ? ಹೇಗಾಯ್ತು?”

ನಾನು ಕಿರುಚಿದೆ. ಅಪ್ಪ ಬಾಗಿಲು ದೂಡಿಕೊಂಡು ಬಂದರು, ಗೋಡೆಯ ಹೆಂಗಸು ಕೂಗಿದಳು. ಆಂಬ್ಯುಲೆನ್ಸಿನವರು ಸ್ಟ್ರೆಚರಿಗೆ ಎತ್ತಿ ಮಲಗಿಸುವಾಗ ಅಪ್ಪ ಅಜ್ಜಿಯ ಮೇಲೆ ಬಾಗಿ, ಅಳುತ್ತಲೇ ಬೈದರು.

“ಗಂಟೆ ಬಾರಿಸ್ಲಿಕ್ಕೆ ಎಂತ ಆಗಿತ್ತು ಅಮ್ಮ ನಿಂಗೆ?”

ಅಜ್ಜಿ ಅಪ್ಪನನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

“ಮರ್ತು ಹೋಯ್ತು ಮಾರಾಯ,” ಅಂದಳು.

ಆಗ ನಾನು ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಯೊಳಗೆ ಯಾರನ್ನೂ ಬಿಡದ ಕಾಲ ಅದು. ಆಪರೇಷನ್ ಆಯಿತು, ಆಮೇಲೆ ಪುಪ್ಪುಸಕ್ಕೆ ಸೋಂಕು. ಮೂರನೆಯ ವಾರ ನರ್ಸೊಬ್ಬಳು ಅಲ್ಲಿಂದ ಪರದೆ ಹಿಡಿದಳು, ಇಲ್ಲಿ ನಾವು ಮೂವರೂ ಅದೇ ಲ್ಯಾಪ್‌ಟಾಪಿನ ಮುಂದೆ, ಅದೇ ಕುರ್ಚಿಯ ಸುತ್ತ ಕೂತೆವು. ಬಿಳಿ ಕೂದಲಿನ ವೈದ್ಯೆ ಇದ್ದ ಚೌಕದಲ್ಲಿ ಈಗ ಅಜ್ಜಿಯ ಮುಖ. ಅಮ್ಮ ಅವಳಿಗೆ ಕೇಳಿಸಲೆಂದು ಮಂಗಳಾರತಿ ಹಾಡು ಹೇಳಿದಳು. ಗಂಟೆ ತಾ ಎಂದು ನನಗೆ ಸನ್ನೆ ಮಾಡಿದಳು, ನನಗೆ ಏಳಲಾಗಲಿಲ್ಲ.

ಸೂತಕದ ಆರನೆಯ ದಿನ ಸ್ಯಾನ್ ಡಿಯೇಗೊದಿಂದ ಫೋನು ಬಂತು. ಸೀಟು ಸಿಕ್ಕಿತ್ತು. ಸೂತಕದ ಮನೆಯಲ್ಲಿ ಸಿಹಿ ಮಾಡುವ ಹಾಗಿಲ್ಲ, ದೇವರಿಗೆ ದೀಪ ಹಚ್ಚುವ ಹಾಗಿಲ್ಲ, ಯಾರಿಗೂ ಫೋನು ಮಾಡಿ ಹೇಳುವ ಹಾಗೂ ಇಲ್ಲ. ಅಮ್ಮ ನನ್ನನ್ನು ತಬ್ಬಿಕೊಂಡು “ಅತ್ತೆ ಅಲ್ಲಿಂದ ಕೊಡಿಸಿದ್ದು ಕಣೇ ಇದು” ಎಂದು ಅತ್ತಳು. ನಾನು ತೋಳು ಬಿಡಿಸಿಕೊಂಡು ಮಹಡಿಗೆ ಹೋದೆ. ಆ ದಿನಗಳಲ್ಲಿ ಮರುಭೂಮಿಯ ಕಡೆಯಿಂದ ಬಿಸಿಗಾಳಿ ಬೀಸುತ್ತಿತ್ತು. ಗಾಳಿಗೆ ಬಾಗಿಲು ಅದುರಿದರೂ ಗೋಡೆಯ ಹೆಂಗಸು “ಫ್ರಂಟ್ ಡೋರ್ ಓಪನ್” ಅನ್ನುತ್ತಿದ್ದಳು. ಪ್ರತಿ ಸಲವೂ ಅಪ್ಪ ಎದ್ದು ಹೋಗುತ್ತಿದ್ದರು, ಮುಚ್ಚಿದ ಬಾಗಿಲಿನ ಹಿಂದೆ ನಿಂತಿರುತ್ತಿದ್ದರು, ಬಂದು ಕೂರುತ್ತಿದ್ದರು. ಒಂದು ಮಧ್ಯಾಹ್ನ ಸ್ಕ್ರೂಡ್ರೈವರ್ ತೆಗೆದುಕೊಂಡು ಮೆಟ್ಟಿಲು ಹತ್ತಿದವರೇ ಆ ಪೆಟ್ಟಿಗೆಯನ್ನು ವಯರು ಸಮೇತ ಕಿತ್ತು ಕಸಕ್ಕೆ ಹಾಕಿದರು. ಅಷ್ಟು ವರ್ಷ ಆಗದ ಕೆಲಸ ಐದು ನಿಮಿಷದಲ್ಲಿ ಆಯಿತು. ದುಃಖಕ್ಕೆ ಹೀಗೆ ಮಾಡುತ್ತಾರೆ ಎಂದುಕೊಂಡೆವು. ವೈಕುಂಠ ಸಮಾರಾಧನೆ ಮುಗಿದ ಮರುದಿನ ಅಮ್ಮ ಗಂಟೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ದೇವರ ಹಲಗೆಯ ಮೇಲೆ ಇಟ್ಟಳು.

ಸ್ಯಾನ್ ಡಿಯೇಗೊದಲ್ಲಿ, ಬಿಳಿ ಕೋಟು ತೊಡಿಸುವ ಸಮಾರಂಭದ ದಿನ, ಆ ವೈದ್ಯೆ ನನ್ನನ್ನು ಗುರುತು ಹಿಡಿದು ಬಂದರು. ಅಮ್ಮ ಅಪ್ಪ ಪಕ್ಕದಲ್ಲೇ ಇದ್ದರು. “ನಿಮ್ಮ ಮನೆಯ ಪ್ರಾರ್ಥನೆಯ ಗಂಟೆ ನನಗೆ ಇನ್ನೂ ನೆನಪಿದೆ” ಎಂದರು. ಬೆಳಿಗ್ಗೆ ಹತ್ತಕ್ಕೆ ಯಾವ ಪ್ರಾರ್ಥನೆ ಎಂದು ಅಮ್ಮ ನನ್ನ ಮುಖ ನೋಡಿದಳು, ಅಪ್ಪ ನೆಲ ನೋಡಿದರು. ನಾನು ಫೋಟೋ ತೆಗೆಯೋಣ ಬನ್ನಿ ಎಂದು ಮಾತು ಹಾರಿಸಿದೆ. ಆ ನಾಲ್ಕು ವರ್ಷ ನನ್ನ ಬೆನ್ನು ಬಿಡಲಿಲ್ಲ ಆ ಗಂಟೆ. ಲಿಫ್ಟಿನ ಸದ್ದು, ಹೆಣ ಕೊಯ್ಯುವ ಕೋಣೆಯಲ್ಲಿ ತಟ್ಟೆಗೆ ಕತ್ತರಿ ಬಿದ್ದ ಸದ್ದು, ಯಾರದೋ ಕೀಲಿಗೊಂಚಲು, ಏನು ಕೇಳಿದರೂ ನಾನು ಮೂರು ಎಣಿಸುತ್ತಿದ್ದೆ. ವಾರ್ಡಿನಲ್ಲಿ ರೋಗಿ ಬಟನ್ ಒತ್ತಿದರೆ ನರ್ಸುಗಳಿಗಿಂತ ಮೊದಲು ಓಡುವ ಹುಚ್ಚು ಹುಡುಗಿ ಎಂದು ನನಗೆ ಹೆಸರು ಬಂತು. ಹೊಗಳುತ್ತಿದ್ದರು, ಹೊಗಳಿದಾಗೆಲ್ಲ ನಾನು ಮುಂದಿನ ರೋಗಿಯ ಕಡೆ ನಡೆದುಬಿಡುತ್ತಿದ್ದೆ. ರಜೆಗೆ ಮನೆಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ನನಗೆ ಯಾವುದಾದರೂ ಫೋನು ಬರುತ್ತಿತ್ತು. ಅದೇ ಹೊತ್ತಿಗೆ ಅಪ್ಪನಿಗೂ ಗಿಡಗಳಿಗೆ ನೀರು ಹಾಕುವುದಿರುತ್ತಿತ್ತು. ಅಮ್ಮ ಒಂದು ಕೈಯಲ್ಲಿ ಆರತಿ, ಒಂದು ಕೈಯಲ್ಲಿ ಗಂಟೆ ಹಿಡಿದು ನಮ್ಮಿಬ್ಬರಿಗೂ ಬೈದುಕೊಳ್ಳುತ್ತ ಪೂಜೆ ಮುಗಿಸುತ್ತಿದ್ದಳು.

ಕೊನೆಯ ವರ್ಷ, ಹೊಸದಾಗಿ ಅಪ್ಲೈ ಮಾಡಿದವರನ್ನು ಸಂದರ್ಶಿಸಲು ಹಿರಿಯ ವಿದ್ಯಾರ್ಥಿಗಳನ್ನೂ ಕೂರಿಸುತ್ತಾರೆ. ನನ್ನ ಪಾಲಿಗೆ ಬಂದವಳು ಲಾಂಗ್ ಬೀಚಿನ ಒಬ್ಬ ಹುಡುಗಿ. ಪರದೆಯ ಆಚೆ ಇಸ್ತ್ರಿ ಮಾಡಿದ ಕೋಟು, ಹಿಂದೆ ಖಾಲಿ ಗೋಡೆ. ಅವಳು ಉತ್ತರಿಸುತ್ತಿದ್ದಾಗ ಒಳಗಿನಿಂದ ಮುದಿ ಗಂಡಸಿನ ಧ್ವನಿ ಸ್ಪ್ಯಾನಿಷಿನಲ್ಲಿ “ಮಿಹಾ” ಎಂದು ಕರೆಯಿತು. ಮಗಳೇ ಎಂದು. ಹುಡುಗಿಯ ಕಣ್ಣು ಒಂದು ಕ್ಷಣ ಪಕ್ಕಕ್ಕೆ ಹೋಗಿ ಬಂತು. ಮಾತು ನಿಲ್ಲಲಿಲ್ಲ. ಮತ್ತೆ ಕರೆಯಿತು.

“ಸಾರಿ, ಅದು ಟಿವಿ,” ಎಂದು ನಕ್ಕಳು.

ಆ ನಗುವನ್ನು ನಾನು ಬಲ್ಲೆ. “ಹಾಗಿದ್ದರೆ ಹೋಗಿ ಟಿವಿ ನೋಡಿ ಬಾ,” ಎಂದೆ. “ಇದಕ್ಕೆ ಒಂದು ಅಂಕವೂ ಕಡಿಮೆಯಾಗುವುದಿಲ್ಲ. ನೀನು ಹೋಗುವವರೆಗೂ ನಾನು ಮುಂದಿನ ಪ್ರಶ್ನೆ ಕೇಳುವುದಿಲ್ಲ.” ಅವಳು ನನ್ನನ್ನು ನಂಬಲೋ ಬೇಡವೋ ಎಂದು ನೋಡಿ, ಎದ್ದು ಓಡಿದಳು. ಖಾಲಿ ಕುರ್ಚಿಯನ್ನು ನೋಡುತ್ತ ಏಳು ನಿಮಿಷ ಕೂತೆ. ಜೀವನದಲ್ಲಿ ಅಷ್ಟು ಅತ್ತಿರಲಿಲ್ಲ. ಅವಳು ಬರುವಾಗ ಮುಖ ಒರೆಸಿಕೊಂಡೆ. ಅವಳ ಕೋಟಿನ ತೋಳು ಒದ್ದೆಯಾಗಿತ್ತು.

ಆ ಶನಿವಾರ ಯಾರಿಗೂ ಹೇಳದೆ ಮನೆಗೆ ಡ್ರೈವ್ ಮಾಡಿದೆ. ಸ್ಯಾನ್ ಡಿಯೇಗೊ ಬಿಟ್ಟು ಡೆಲ್ ಮಾರ್ ದಾಟುವಾಗ ಹೇಳಬೇಕಾದ ಮಾತು ಸಿದ್ಧವಿತ್ತು, ಲಾಸ್ ಏಂಜಲೀಸಿನ ಟ್ರಾಫಿಕ್ಕಿನಲ್ಲಿ ಪೂರಾ ಮರೆತುಹೋಯಿತು. ಮುಂಬಾಗಿಲು ತೆಗೆದೆ, ಯಾರೂ ಕೂಗಲಿಲ್ಲ. ಅಮ್ಮ ದೇವರ ಕೋಣೆಯಲ್ಲಿ ಬತ್ತಿ ಹೊಸೆಯುತ್ತಿದ್ದಳು. ಅಪ್ಪ ಊಟದ ಮೇಜಿನಲ್ಲಿ ಒಬ್ಬರೇ ಟೀ ಕುಡಿಯುತ್ತಿದ್ದರು. ನಾನು ಎದುರಿನ ತುದಿಯಲ್ಲಿ ಕೂತೆ.

“ಅಪ್ಪಾ, ಅವತ್ತು ಅಜ್ಜಿ ಗಂಟೆ ಬಾರಿಸಿದ್ಲು. ಮರ್ತಿರ್ಲಿಲ್ಲ. ನಾನು ಕೇಳಿಸ್ಕೊಂಡೂ ಏಳ್ಲಿಲ್ಲ. ಅದು ಪ್ರಾರ್ಥನೆ ಅಂತ ಅವರಿಗೆ ಸುಳ್ಳು ಹೇಳ್ದೆ.”

“ಗೊತ್ತುಂಟು.”

ಅಜ್ಜಿಯೇ ಹೇಳಿರಬೇಕು ಎಂದುಕೊಂಡೆ. ಅಪ್ಪ ಲೋಟವನ್ನು ಮೇಜಿನ ಮೇಲೆ ಇಟ್ಟರು.

“ನನಗೂ ಕೇಳಿಸ್ತು ಮಗಾ. ರಾಮಿರೊ ಮೆಷಿನ್ ಆಫ್ ಮಾಡಿದ್ದ ಅಲ್ಲವಾ, ಇಡೀ ಬೀದಿ ಸುಮ್ಮನಿತ್ತು. ಮೂರು ಸಲ. ಮತ್ತೆ ಮೂರು ಸಲ. ಬಾಗಿಲ ಹಿಡಿ ಹಿಡ್ಕೊಂಡೇ ನಿಂತಿದ್ದೆ ನಾನು. ತೆಗೆದ್ರೆ ಆ ಹೆಂಗಸು ಕೂಗ್ತಾಳೆ, ನಿನ್ನ ಇಂಟರ್‌ವ್ಯೂ ಹಾಳಾಗ್ತದೆ. ನೀನು ಇಳಿದು ಹೋಗ್ತಿ ಅಂತ ಅಂದ್ಕೊಂಡೆ.”

“ನೀವು ಹೋಗ್ತೀರಿ ಅಂತ ನಾನು ಅಂದ್ಕೊಂಡೆ.”

“ಅವಳು ಬಿದ್ದಿದ್ಲಲ್ಲ, ಅಲ್ಲಿಂದ ಬಾಗಿಲಿನ ಪಕ್ಕದ ಗಾಜು ಕಾಣ್ತದೆ. ಆಮೇಲೆ ಅಲ್ಲಿ ಮಲಗಿ ನೋಡಿದ್ದೇನೆ. ನನ್ನ ಅಂಗಿ ಅವಳಿಗೆ ಕಂಡಿರ್ಬೇಕು.” ಅಪ್ಪ ಮುಂಬಾಗಿಲಿನ ಕಡೆ ನೋಡಿದರು. “ಕಂಡೂ ಕೂಗ್ಲಿಲ್ಲ ಅವಳು. ಕೇಳಿಸಿಯೂ ನಾನು ಬೈದಾಗ್ಲೂ ಹೇಳ್ಲಿಲ್ಲ.”

ಮೇಜಿನ ಆ ತುದಿಯಲ್ಲಿ ಅವರು, ಈ ತುದಿಯಲ್ಲಿ ನಾನು. ದೇವರ ಕೋಣೆಯಲ್ಲಿ ಬೆಂಕಿಕಡ್ಡಿ ಗೀರಿದ ಸದ್ದಾಯಿತು. ಅಮ್ಮ ಎಂದಿನ ಸಿಡುಕಿನಲ್ಲಿ ಕೂಗಿದಳು.

“ಯಾರಾದ್ರೂ ಬಂದು ಗಂಟೆ ಬಾರಿಸ್ರಪ್ಪಾ. ನಂಗೆ ಇರೋದು ಎರಡೇ ಕೈ!”

ಇಬ್ಬರೂ ಒಟ್ಟಿಗೇ ಎದ್ದೆವು.